ಪಾಸ್‌ವರ್ಡ್ ಬೆಂಗಳೂರಿಗೆ ಹೋಯಿತು, ಮೂವತ್ತೆರಡು ಚೀಲ ಮುರುಗಲು ಇಲ್ಲೇ ಉಳಿಯಿತು

ಮುರುಗಲು ಮರ (ಶಿರಸಿ ತಾಲ್ಲೂಕು)
ಜೂನ್ 22, ರಾತ್ರಿ 9.40

ಶಿರಸಿ ಪೇಟೆಯಿಂದ ಒಂದು ತಾಸು ಒಳಗೆ, ಬಸ್ಸು ದಿನಕ್ಕೆ ಎರಡೇ ಸಲ ಬರುವ ಊರು ನಮ್ಮದು. ಮುರುಗಲು (ಕೋಕಂ), ಅದರದೇ ಜಾತಿಯ ಹುಳಿಹಣ್ಣು ಉಪ್ಪಾಗೆ, ಜೇನು, ಬೇಸಿಗೆಯಲ್ಲಿ ಹಲಸಿನ ಹಪ್ಪಳ, ಇಷ್ಟನ್ನು ನೆಚ್ಚಿಕೊಂಡು ಒಂದು ರೈತ ಉತ್ಪಾದಕ ಕಂಪನಿ ನಡೆಸುತ್ತಿದ್ದೇವೆ. ಕಂಪನಿ ಎಂದೊಡನೆ ಗಾಜಿನ ಬಾಗಿಲು ಕಣ್ಣಮುಂದೆ ಬರುವುದು ಬೇಡ. ಹಳೆಯ ಅಡಿಕೆ ಅಟ್ಟದ ಕೆಳಗೊಂದು ಕೋಣೆ, ಒಂದು ತೂಕದ ಯಂತ್ರ, ಒಂದು ಕಂಪ್ಯೂಟರ್. ನಾನು ನಿರ್ದೇಶಕರಲ್ಲಿ ಒಬ್ಬಳು.

ನಮ್ಮ ಸಿಇಒ ಆಗಿದ್ದ ಹುಡುಗ ಮಾರ್ಚ್ ಕೊನೆಗೆ ಬೆಂಗಳೂರಿಗೆ ಹೋದ. ಒಳ್ಳೆಯ ಕೆಲಸ ಸಿಕ್ಕಿತು, ಹೋದ. ಹಾರ ಹಾಕಿ, ತೊಡೆದೇವು ಕಟ್ಟಿ ಕಳಿಸಿಕೊಟ್ಟೆವು. ಅವನ ಜೊತೆ ಏನೇನು ಹೋಯಿತು ಎನ್ನುವುದು ಜೂನ್ 10ರಂದು ಗೊತ್ತಾಯಿತು.

ಅಂದು ಒಣ ಮುರುಗಲು ಸಿಪ್ಪೆ ಒಯ್ಯಲು ಗೋವಾ ಕಡೆಯ ವ್ಯಾಪಾರಿಯ ಲಾರಿ ಬಂದು ನಿಂತಿತ್ತು. ಮೂವತ್ತೆರಡು ಚೀಲ ಹೊಲಿದು ಇಟ್ಟಿದ್ದೆವು. ಸರಕಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್, ಅಂದರೆ ಸರಕು ಸಾಗಿಸಲು ಆನ್‌ಲೈನಿನಲ್ಲಿ ತೆಗೆಯುವ ಚೀಟಿ, ಬೇಕು. ಬಿಲ್ ತೆಗೆಯಲು ಹೋದರೆ ಆಗುವುದಿಲ್ಲ ಎಂದಿತು ಯಂತ್ರ. ಕಾರಣ, ಸತತ ಎರಡು ತಿಂಗಳ ಜಿಎಸ್‌ಟಿ ರಿಟರ್ನ್ ಸಲ್ಲಿಕೆಯಾಗಿರಲಿಲ್ಲ. ಮಾರ್ಚ್ ತಿಂಗಳದ್ದನ್ನು ಏಪ್ರಿಲ್ 20ಕ್ಕೆ, ಏಪ್ರಿಲ್‌ನದ್ದನ್ನು ಮೇ 20ಕ್ಕೆ ಕೊಡಬೇಕಿತ್ತು. ನೆನಪಿಸುವ ಸಂದೇಶಗಳೆಲ್ಲ ಹುಡುಗನ ಹಳೆಯ ಸಂಖ್ಯೆಗೆ ಹೋಗಿವೆ. ಅವನು ಹೊಸ ಸಿಮ್ ಕೊಂಡು ಹಳೆಯದಕ್ಕೆ ರೀಚಾರ್ಜ್ ನಿಲ್ಲಿಸಿದ್ದ.

ಸರಿ, ಈಗಲೇ ಸಲ್ಲಿಸೋಣ ಎಂದರೆ ಪಾಸ್‌ವರ್ಡ್ ಇಲ್ಲ. ಬದಲಿಸೋಣ ಎಂದರೆ ಓಟಿಪಿ ಬರುವುದು ಅದೇ ಸತ್ತ ಸಂಖ್ಯೆಗೆ. ಇಮೇಲ್‌ಗೆ ತರಿಸೋಣ ಎಂದರೆ ಆ ಇಮೇಲ್ ಖಾತೆಯ ಬೀಗವೂ ಅದೇ ಸಂಖ್ಯೆಗೆ ಕಟ್ಟಿದೆ. ಇನ್ನೂ ಒಂದು ಉಳಿದಿತ್ತು. ಕಂಪನಿಯಾಗಿ ನೋಂದಣಿಯಾದವರು ರಿಟರ್ನ್‌ಗೆ ಡಿಜಿಟಲ್ ಸಹಿಯನ್ನೇ ಹಾಕಬೇಕು. ಆ ಸಹಿ ಇರುವ ಟೋಕನ್, ನೋಡಲು ಪೆನ್‌ಡ್ರೈವ್‌ನಂತೆಯೇ ಇರುತ್ತದೆ, ಲೆಕ್ಕಪತ್ರ ನೋಡುವವರ ಮೇಜಿನ ಖಾನೆಯಲ್ಲಿತ್ತು. ಸಹಿ ನಮ್ಮ ಅಧ್ಯಕ್ಷರದು. ಅದರ ಅವಧಿ ಏಪ್ರಿಲ್‌ನಲ್ಲೇ ಮುಗಿದಿತ್ತು. ತಮ್ಮ ಹೆಸರಿನ ಸಹಿಯೊಂದು ಹಾಗೆ ಯಾರದೋ ಖಾನೆಯಲ್ಲಿದೆ ಎನ್ನುವುದೇ ಅಧ್ಯಕ್ಷರಿಗೆ ಆ ದಿನ ತಿಳಿದದ್ದು.

ಸಹಿ ನವೀಕರಿಸಲು ವಿಡಿಯೊದಲ್ಲಿ ಮುಖ ತೋರಿಸಿ ಹೆಸರು ಹೇಳಬೇಕು. ನಮ್ಮಲ್ಲಿ ಸಿಗ್ನಲ್ ಸಿಗುವುದು ಕೊಟ್ಟಿಗೆಯ ಹಿಂದಿನ ದರೆಯ ಮೇಲೆ. ಅರವತ್ತೇಳು ವರ್ಷದ ಮನುಷ್ಯ ಸುರಿಯುವ ಮಳೆಯಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಪ್ಯಾನ್ ಕಾರ್ಡ್ ಹಿಡಿದು ಮೊಬೈಲಿನ ಮುಂದೆ ನಿಂತರು. ಮೊಬೈಲ್ ಹಿಡಿದವಳು ನಾನು. ಮೊದಲ ಸಲ ಮುಖ ಮಸುಕು ಎಂದು ತಿರಸ್ಕಾರ. ಎರಡನೆಯ ಸಲ ಅವರು ಹೆಸರು ಹೇಳುವ ಹೊತ್ತಿಗೆ ಸರಿಯಾಗಿ ಎಮ್ಮೆ ಕೂಗಿತು. ಮೂರನೆಯ ಸಲ ಆಯಿತು. ಸಂಖ್ಯೆ, ಇಮೇಲ್ ಬದಲಿಸಲು ತೆರಿಗೆ ಕಚೇರಿಗೆ ಸಭೆಯ ಠರಾವಿನ (ನಿರ್ಣಯದ) ಪ್ರತಿ ಹಿಡಿದು ಎರಡು ಸಲ ಓಡಾಡಿದ್ದಾಯಿತು. ಒಟ್ಟು ಹನ್ನೊಂದು ದಿನ. ಲಾರಿ ಎರಡನೆಯ ದಿನವೇ ಖಾಲಿ ಹೋಗಿತ್ತು. ನಿನ್ನೆ ಚೀಲ ಬಿಚ್ಚಿ ನೋಡಿದರೆ ಏಳು ಚೀಲಗಳಲ್ಲಿ ಬಿಳಿ ಬೂಷ್ಟು. ಜೂನ್ ಮಳೆಯಲ್ಲಿ ಮುರುಗಲು ಸಿಪ್ಪೆ ಗಾಳಿಯಿಂದಲೇ ನೀರು ಕುಡಿಯುತ್ತದೆ.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಕರೆ ಮಾಡಿದಾಗಲೆಲ್ಲ ರಾತ್ರಿ ಹನ್ನೊಂದಕ್ಕಾದರೂ ತಿರುಗಿ ಮಾತನಾಡಿದ್ದಾನೆ. ಸಿಟ್ಟು ನಮ್ಮ ಮೇಲೆಯೇ. ಸಂಘ, ಗುಂಪು, ಕಂಪನಿ ಏನೇ ನಡೆಸುವವರು ಇಲ್ಲಿದ್ದರೆ ಹೇಳಿ: ನಿಮ್ಮಲ್ಲಿ ಇವೆಲ್ಲ ಯಾರ ಕೈಯಲ್ಲಿವೆ? ನಿರ್ದೇಶಕರಾದವರು ಎಷ್ಟು ಕಲಿತಿರಬೇಕು?

ಬಿಳೆಗೋಟು (ಸಿದ್ದಾಪುರ)
ಜೂನ್ 22, ರಾತ್ರಿ 10.15

ಏಳು ಚೀಲಕ್ಕೆ ಮರುಗುತ್ತೇನೆ. ಆದರೆ ಮೂಲದಲ್ಲೇ ನನಗೆ ತಕರಾರಿದೆ. ಶಿರಸಿಯಲ್ಲಿ ತೋಟಗಾರರ ಮಾರಾಟ ಸಹಕಾರಿ ಸಂಘ ಹುಟ್ಟಿದ್ದು 1923ರಲ್ಲಿ. ಆಗ ಯಾವ ಓಟಿಪಿ ಇತ್ತು? ಗಾಡಿಯಲ್ಲಿ ಅಡಿಕೆ ಹೇರಿಕೊಂಡು ಬಂದವರು ನಂಬಿಕೆಯ ಮೇಲೆ ಕಟ್ಟಿದ ಸಂಸ್ಥೆ ನೂರು ವರ್ಷ ದಾಟಿತು. ಬೆಲೆ ಸಿಕ್ಕರೆ ಸದಸ್ಯ ನಿಲ್ಲುತ್ತಾನೆ, ಸಿಗದಿದ್ದರೆ ದಲ್ಲಾಳಿಯ ಬಾಗಿಲಿಗೆ ಹೋಗುತ್ತಾನೆ. ಕಂಪ್ಯೂಟರ್ ಕಲಿತ ಮಾತ್ರಕ್ಕೆ ನಾಯಕತ್ವ ಬರುವುದಿಲ್ಲ. ತರಬೇತಿ ಎಂದು ಊಟ ಹಾಕಿ, ಚೀಲ ಕೊಟ್ಟು, ಫೋಟೊ ತೆಗೆದು ಕಳಿಸುವುದನ್ನು ಬೇಕಾದಷ್ಟು ನೋಡಿದ್ದೇನೆ. ನಮ್ಮ ಮನೆಯಲ್ಲಿ ಅಂಥ ಚೀಲಗಳು ನಾಲ್ಕಿವೆ, ಸಂತೆಗೆ ಅನುಕೂಲ.

ಬಂಗಡೆ ಬುಟ್ಟಿ (ಕಾರವಾರ)
ಜೂನ್ 22, ರಾತ್ರಿ 10.31

ಬಿಳೆಗೋಟು ಅಣ್ಣ ದಿನಾ ಬೆಳಿಗ್ಗೆ ಎದ್ದು ಅಡಿಕೆಯ ಚಾಲಿ, ರಾಶಿ ದರ ನೋಡುವುದು ಯಾವುದರಲ್ಲಿ? ಕೇಳಿದೆ ಅಷ್ಟೆ.

ಬಿಳೆಗೋಟು
ಜೂನ್ 22, ರಾತ್ರಿ 10.34

ಮೊಬೈಲಿನಲ್ಲಿ. ಒಪ್ಪಿದೆ ತಂಗಿ.

ನಿವೃತ್ತ ಸೆಕ್ರೆಟರಿ (ಯಲ್ಲಾಪುರ)
ಜೂನ್ 23, ಬೆಳಿಗ್ಗೆ 6.05

ಪ್ರಾಥಮಿಕ ಸಹಕಾರಿ ಸಂಘದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ಹೊರಬಂದವನು ನಾನು. ಮುರುಗಲು ಮರ ಅವರ ಬರಹವನ್ನು ಎರಡು ಸಲ ಓದಿದೆ.

ನಾನು ಸೇರಿದಾಗ ಸಂಘದಲ್ಲಿ ಒಂದು ಕಬ್ಬಿಣದ ತಿಜೋರಿ ಇತ್ತು. ಅದಕ್ಕೆ ಎರಡು ಕೀಲಿ. ಒಂದು ಸೆಕ್ರೆಟರಿಯ ಬಳಿ, ಇನ್ನೊಂದು ಅಧ್ಯಕ್ಷರ ಬಳಿ. ಎರಡೂ ತಿರುಗದೆ ಬಾಗಿಲು ತೆರೆಯದು. ಅಧ್ಯಕ್ಷರು ಮಗಳ ಮದುವೆಗೆ ಹೋದರೆ ಕೀಲಿಯನ್ನು ಇನ್ನೊಬ್ಬ ನಿರ್ದೇಶಕರಿಗೆ ಕೊಟ್ಟು, ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿ ಹೋಗುತ್ತಿದ್ದರು. ಸಂಜೆ ರೋಜಕೀರ್ದಿ (ದಿನದ ಲೆಕ್ಕ) ಮುಗಿಸಿ ಶಿಲ್ಕು (ಉಳಿದ ನಗದು) ತಾಳೆ ನೋಡುವಾಗ ಇಬ್ಬರೂ ಇರಬೇಕು. ಅದು ಅಪನಂಬಿಕೆ ಎಂದು ಯಾರೂ ಮುನಿಸಿಕೊಂಡಿರಲಿಲ್ಲ. ಸೆಕ್ರೆಟರಿಯಾದ ನನಗೂ ಅದರಿಂದ ನೆಮ್ಮದಿಯೇ ಇತ್ತು. ಹಣ ಹೆಚ್ಚುಕಡಿಮೆಯಾದರೆ ನನ್ನೊಬ್ಬನ ತಲೆಗೆ ಬರುತ್ತಿರಲಿಲ್ಲ.

ಬಿಳೆಗೋಟು ಅವರು ನಂಬಿಕೆ ಎಂದರು. ಗದಗದ ಹತ್ತಿರ ಕಣಗಿನಹಾಳದಲ್ಲಿ 1905ರಲ್ಲಿ ಮೊದಲ ಸಹಕಾರಿ ಸಂಘ ಕಟ್ಟಿದಾಗಿನಿಂದ ಇಂದಿನವರೆಗೆ ಬರಿಯ ನಂಬಿಕೆಯ ಮೇಲೆ ಉಳಿದ ಸಂಘವಿಲ್ಲ ಸ್ವಾಮೀ. ಲೆಕ್ಕ ಬರೆದು ಸಭೆಯಲ್ಲಿ ಓದಿ ಹೇಳಿದ್ದರಿಂದ ನಂಬಿಕೆ ಉಳಿಯಿತು. ಅಢಾವೆ ಪತ್ರಿಕೆ (ಆಸ್ತಿ, ಸಾಲಗಳ ವಾರ್ಷಿಕ ಲೆಕ್ಕ) ಓದುವಾಗ ನಿದ್ದೆ ಮಾಡುವವರು ಇದ್ದರು, ಆದರೆ ಪ್ರತಿ ಸಲ ಎದ್ದು ನಿಂತು ಕೇಳುವ ಒಬ್ಬರೋ ಇಬ್ಬರೋ ಇರುತ್ತಿದ್ದರು. ಆ ಒಬ್ಬರಿಗೆ ಹೆದರಿ ನಾವು ಲೆಕ್ಕ ನೇರ ಇಡುತ್ತಿದ್ದೆವು.

ಕಂಪ್ಯೂಟರ್ ಬಂದಾಗ ಆದದ್ದೇನು? ಎರಡು ಕೀಲಿಯ ತಿಜೋರಿಯನ್ನು ಮೂಲೆಗೆ ತಳ್ಳಿ, ಒಂದೇ ಕೀಲಿಯ ಪೆಟ್ಟಿಗೆ ತಂದೆವು. ಆ ಕೀಲಿಯನ್ನು ಇಪ್ಪತ್ತೈದು ವರ್ಷದ ಹುಡುಗನ ಕಿಸೆಯಲ್ಲಿ ಹಾಕಿದೆವು. ಕೇಂದ್ರ ಸರ್ಕಾರ 2022ರಲ್ಲಿ 63,000 ಪ್ರಾಥಮಿಕ ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ. ಆದರೆ ಯಂತ್ರ ಇಳಿಸಿದ ದಿನ ಆಡಳಿತ ಮಂಡಳಿಯವರು ಪೂಜೆ ಮಾಡಿ ಮನೆಗೆ ಹೋದರೆ, ನಾಳೆಯಿಂದ ಸಂಘ ನಡೆಸುವವನು ಯಂತ್ರದ ಮುಂದೆ ಕುಳಿತವನೇ.

ಒಂದು ಉಪಯೋಗದ ಮಾತು. ಸಂಸ್ಥೆಗಳ ಇಂಟರ್ನೆಟ್ ಬ್ಯಾಂಕಿಂಗ್‌ನಲ್ಲಿ ಒಬ್ಬರು ಪಾವತಿ ನಮೂದಿಸಿ, ಇನ್ನೊಬ್ಬರು ಒಪ್ಪಿಗೆ ಕೊಟ್ಟರೆ ಮಾತ್ರ ಹಣ ಹೋಗುವ ವ್ಯವಸ್ಥೆ ಇದೆ. ಅದೇ ಎರಡು ಕೀಲಿ. ಬ್ಯಾಂಕಿಗೆ ಠರಾವು ಕೊಟ್ಟು ಕೇಳಿ ಪಡೆಯಬೇಕು. ಮತ್ತೊಂದು: ಡಿಜಿಟಲ್ ಸಹಿಯ ಟೋಕನ್ ಬೇರೆಯವರ ಖಾನೆಯಲ್ಲಿ ಇಡುವುದು ಖಾಲಿ ಚೆಕ್ಕಿಗೆ ಸಹಿ ಮಾಡಿ ಇಟ್ಟಂತೆ. ಸಹಿಯ ಗುಟ್ಟಿನ ಕೀಲಿಯನ್ನು ತನ್ನ ಹಿಡಿತದಲ್ಲಿಟ್ಟುಕೊಳ್ಳುವ ಹೊಣೆಯನ್ನು 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆ ಸಹಿದಾರನ ಮೇಲೆಯೇ ಹೊರಿಸಿದೆ.

ಬಂಗಡೆ ಬುಟ್ಟಿ
ಜೂನ್ 23, ಮಧ್ಯಾಹ್ನ 2.20

ಈಗ ನಮ್ಮ ಕಥೆ. ನಾವು ಹನ್ನೆರಡು ಹೆಂಗಸರು ಸೇರಿ ಒಣಮೀನು ಮಾರುತ್ತೇವೆ. ಮೀನುಗಾರಿಕೆ ನಿಂತಿರುವ ಈ ಮಳೆಗಾಲದಲ್ಲೇ ನಮಗೆ ವ್ಯಾಪಾರ. ಗಿರಾಕಿಗಳು ಚಿಲ್ಲರೆ ತರುವುದನ್ನೇ ಬಿಟ್ಟಿದ್ದಾರೆ, ಹಾಗಾಗಿ ಕ್ಯೂಆರ್ ಫಲಕ ತಂದು ಬುಟ್ಟಿಗೆ ಒರಗಿಸಿ ಇಟ್ಟೆವು. ಎರಡು ವರ್ಷ ಚೆನ್ನಾಗಿ ನಡೆಯಿತು. ಒಮ್ಮೆ ಲೆಕ್ಕ ಕೂಡಿಸುವಾಗ ಹಣ ಕಡಿಮೆ ಬಂತು. ವಿಚಾರಿಸಿದರೆ ಆ ಫಲಕ ಗುಂಪಿನ ಖಾತೆಗೆ ಸೇರಿದ್ದೇ ಅಲ್ಲ, ನಮ್ಮ ಮುಖ್ಯಸ್ಥೆಯ ಗಂಡನ ಸ್ವಂತ ಖಾತೆಯದು! ಕದಿಯುವ ಉದ್ದೇಶ ಇರಲಿಲ್ಲ. ಗುಂಪಿನ ಖಾತೆಗೆ ಮಾಡಿಸಲು ಕಾಗದಪತ್ರ ಬಹಳ, ಅವರ ಮೊಬೈಲಿನಲ್ಲಿ ಹತ್ತು ನಿಮಿಷದಲ್ಲಿ ಆಯಿತು, ಅಷ್ಟೆ. ಅವರು ಪ್ರತಿ ವಾರ ನಗದು ತಂದು ಕೊಡುತ್ತಿದ್ದರು. ದೋಣಿಯ ಸಾಲದ ಕಂತು ಆ ಖಾತೆಯಿಂದ ಕಡಿತವಾದ ವಾರ ಮಾತ್ರ ತಪ್ಪಿತು.

ಹಣ ವಾಪಸು ಬಂತು. ಆದರೆ ಒಂದು ತಿಂಗಳು ಇಬ್ಬರು ಹೆಂಗಸರು ಪರಸ್ಪರ ಮಾತನಾಡಲಿಲ್ಲ. ಈಗ ಫಲಕ ಗುಂಪಿನ ಖಾತೆಯದು. ಹಣ ಬಂದಾಗ ಹೇಳುವ ಪೆಟ್ಟಿಗೆಯನ್ನೂ ತಂದಿದ್ದೇವೆ. ಓದಲು ಬಾರದ ನಮ್ಮ ಅಕ್ಕನೊಬ್ಬಳು ಅದು ಹೇಳಿದ ಅಂಕಿಗೆಲ್ಲ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆಯುತ್ತಾಳೆ, ನೂರಕ್ಕೆ ಉದ್ದ ಗೆರೆ, ಹತ್ತಕ್ಕೆ ಗಿಡ್ಡ ಗೆರೆ. ಸಂಜೆ ಮೊಬೈಲಿನ ಲೆಕ್ಕಕ್ಕೂ ಗೋಡೆಯ ಲೆಕ್ಕಕ್ಕೂ ತಾಳೆ ನೋಡುತ್ತೇವೆ. ಗೋಡೆ ಇದುವರೆಗೆ ಒಮ್ಮೆಯೂ ತಪ್ಪಿಲ್ಲ. ಮೊಬೈಲ್ ಎರಡು ಸಲ ತಪ್ಪಿತು. ಗಿರಾಕಿ ಹಣ ಹೋಗಿದೆ ಎಂದು ತೋರಿಸಿದ್ದು ಹೋಗಿರಲೇ ಇಲ್ಲ.

ಗುಡ್ಡದ ಸಿಗ್ನಲ್ (ಜೊಯಿಡಾ)
ಜೂನ್ 23, ಸಂಜೆ 5.50

ಇದನ್ನು ಓದಲು ಎರಡು ಕಿಲೋಮೀಟರ್ ನಡೆದು ಬಂದಿದ್ದೇನೆ. ಮೊದಲು ಟವರ್ ಕೊಡಲಿ, ಆಮೇಲೆ ನಾಯಕತ್ವ. ಕತ್ತಲಾಯಿತು, ಇಳಿಯುತ್ತೇನೆ.

ಮಾಜಿ ಸಿಇಒ (ಈಗ ಹುಬ್ಬಳ್ಳಿ)
ಜೂನ್ 23, ರಾತ್ರಿ 11.10

ಮುರುಗಲು ಮರ ಅವರ ಹುಡುಗ ನಾನಲ್ಲ. ಆದರೆ ಅಂಥ ಹುಡುಗನೇ. ಕುಮಟಾ ಕಡೆಯ ಒಂದು ಉತ್ಪಾದಕ ಕಂಪನಿಯಲ್ಲಿ ಮೂರು ವರ್ಷ ಇದ್ದೆ. ಹುಡುಗರ ಪಕ್ಷದಿಂದ ನಾಲ್ಕು ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಾವು ಯಾಕೆ ಹೋಗುತ್ತೇವೆ? 2020ರಲ್ಲಿ ಬಂದ 10,000 ರೈತ ಉತ್ಪಾದಕ ಸಂಸ್ಥೆಗಳ ಯೋಜನೆಯಲ್ಲಿ ಪ್ರತಿ ಸಂಸ್ಥೆಗೆ ಮೂರು ವರ್ಷಕ್ಕೆ ಗರಿಷ್ಠ 18 ಲಕ್ಷ ರೂಪಾಯಿ ಆಡಳಿತ ವೆಚ್ಚಕ್ಕೆಂದು ಸಿಗುತ್ತದೆ. ಸಿಇಒ ಸಂಬಳ, ಲೆಕ್ಕಿಗರ ಸಂಬಳ, ಬಾಡಿಗೆ ಎಲ್ಲವೂ ಅದರಲ್ಲೇ. ಮೂರು ವರ್ಷ ಮುಗಿದ ಮರುದಿನ ಸಂಬಳ ವ್ಯಾಪಾರದ ಲಾಭದಿಂದ ಬರಬೇಕು. ಬರುವುದಿಲ್ಲ. ನಾಲ್ಕನೇ ವರ್ಷದಲ್ಲಿ ಹುಡುಗ ಹೋಗುತ್ತಾನೆ ಎನ್ನುವುದು ಮೊದಲ ದಿನವೇ ಕಾಗದದ ಮೇಲೆ ಬರೆದಿರುತ್ತದೆ. ಓದಿದವರು ಕಡಿಮೆ.

ಕಲಿಸಲಿಲ್ಲ ಎನ್ನುತ್ತಾರೆ. ನಾನು ಪ್ರತಿ ಸಭೆಯಲ್ಲಿ ಕೇಳಿದ್ದೇನೆ, ಯಾರಾದರೂ ಇಬ್ಬರು ಪಕ್ಕದಲ್ಲಿ ಕೂರಿ, ತೋರಿಸುತ್ತೇನೆ ಎಂದು. ಉತ್ತರ ಒಂದೇ: "ನೀನಿದ್ದೀಯಲ್ಲ ತಮ್ಮಾ." ಅಧ್ಯಕ್ಷರ ಓಟಿಪಿಗೆಂದು ಕರೆ ಮಾಡಿದರೆ ಅವರು ತೋಟದಲ್ಲಿರುತ್ತಿದ್ದರು, ಮೊಬೈಲ್ ಮನೆಯಲ್ಲಿ. ಹತ್ತು ನಿಮಿಷದಲ್ಲಿ ಅದು ಕೆಡುತ್ತದೆ. ಐದಾರು ಸಲ ಹೀಗಾದ ಮೇಲೆ ಅವರೇ ಹೇಳಿದರು, ನಿನ್ನ ಸಂಖ್ಯೆಯನ್ನೇ ಕೊಟ್ಟುಬಿಡು ಎಂದು. ಕೊಟ್ಟೆ. ಕೀಲಿಯನ್ನು ನಾನು ಕಿತ್ತುಕೊಳ್ಳಲಿಲ್ಲ, ಸೆಕ್ರೆಟರಿ ಸರ್. ಅವರೇ ತಂದು ಮೇಜಿನ ಮೇಲಿಟ್ಟು ಹೋದರು.

ಇನ್ನೊಂದು ಎಚ್ಚರಿಕೆ. ಜಿಎಸ್‌ಟಿ ತಡವಾದರೆ ದಿನಕ್ಕೆ 50 ರೂಪಾಯಿ, ವ್ಯವಹಾರವಿಲ್ಲದ ತಿಂಗಳಾದರೆ 20. ಅದು ಸಣ್ಣದು. ಕಂಪನಿ ಇಲಾಖೆಗೆ ಕೊಡುವ ವಾರ್ಷಿಕ ಲೆಕ್ಕ ತಡವಾದರೆ ಪ್ರತಿ ನಮೂನೆಗೆ ದಿನಕ್ಕೆ 100 ರೂಪಾಯಿ. ಸತತ ಮೂರು ವರ್ಷ ಕೊಡದಿದ್ದರೆ ನಿರ್ದೇಶಕರು ಐದು ವರ್ಷ ಯಾವ ಕಂಪನಿಯಲ್ಲೂ ನಿರ್ದೇಶಕರಾಗುವಂತಿಲ್ಲ. ಊರಿನ ಹಿರಿಯರು, ಹೆಸರಿದ್ದವರು, ಇದು ಗೊತ್ತಿಲ್ಲದೆ ಸಹಿ ಹಾಕಿ ಕುಳಿತಿದ್ದಾರೆ.

ಬಿಳೆಗೋಟು
ಜೂನ್ 24, ಬೆಳಿಗ್ಗೆ 7.12

ದಿನಕ್ಕೆ ನೂರು? ನಾನೂ ಒಂದು ಕಂಪನಿಯಲ್ಲಿ ನಿರ್ದೇಶಕ. ಇವತ್ತೇ ಕೇಳುತ್ತೇನೆ.

ಗಜನಿ ಗದ್ದೆ (ಕುಮಟಾ)
ಜೂನ್ 24, ಮಧ್ಯಾಹ್ನ 1.05

ನಮ್ಮ ಅಘನಾಶಿನಿ ಅಳಿವೆಯ ಗಜನಿಗಳಲ್ಲಿ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಗಳಲ್ಲಿ, ಕಗ್ಗ ಭತ್ತ ಬೆಳೆಯುತ್ತಾರೆ. ಉಪ್ಪುನೀರು ತಾಳುವ ತಳಿ, ಗೊಬ್ಬರ ಬೇಡ. ಮಾಣಿಕಟ್ಟೆಯಲ್ಲಿ ರೈತರು ಜಾಗವನ್ನು ಒಟ್ಟುಗೂಡಿಸಿ ಸಾಮೂಹಿಕವಾಗಿಯೇ ಬಿತ್ತಿದ್ದಾರೆ. ಗಜನಿ ಉಳಿಯುವುದು ಒಡ್ಡಿನಿಂದ. ಒಡ್ಡಿಗೆ ಹಲಗೆಯ ಬಾಗಿಲುಗಳಿರುತ್ತವೆ. ಭರತ ಇಳಿತ ನೋಡಿ ಹಾಕಬೇಕು, ತೆಗೆಯಬೇಕು. ನನ್ನ ಅಜ್ಜ ಆ ಕೆಲಸ ಮಾಡುತ್ತಿದ್ದ. ಅವನಿಗೆ ಜ್ವರ ಬಂದ ರಾತ್ರಿ ಯಾರೂ ಓಡಿ ಬಂದು ಹಲಗೆ ಹಾಕುವುದು ಹೇಗೆ ಎಂದು ಕೇಳಲಿಲ್ಲ. ಇನ್ನೊಬ್ಬ ಹೋಗಿ ಹಾಕಿದ. ಅಷ್ಟೇ ನನಗೆ ನೆನಪಾದದ್ದು. ಈಗ ಒಡ್ಡುಗಳೂ ಅಲ್ಲಲ್ಲಿ ಒಡೆದಿವೆ, ಆ ಮಾತು ಬೇರೆ.

ಮುರುಗಲು ಮರ
ಜುಲೈ 6, ರಾತ್ರಿ 9.15

ಎಲ್ಲರ ಮಾತನ್ನೂ ಮುದ್ರಿಸಿ ಸಭೆಗೆ ಒಯ್ದೆ. "ನೀನಿದ್ದೀಯಲ್ಲ ತಮ್ಮಾ" ಎಂಬುದನ್ನು ಓದಿದಾಗ ನಮ್ಮ ಅಧ್ಯಕ್ಷರು ತಲೆ ತಗ್ಗಿಸಿ ಎಲೆಗೆ ಸುಣ್ಣ ಹಚ್ಚುತ್ತ ಕುಳಿತರು. ಸ್ವಲ್ಪ ಹೊತ್ತಿನ ಮೇಲೆ, "ಇದು ನನ್ನದೇ ಮಾತು" ಎಂದರು.

ಈಗ ಕಂಪನಿಯ ಹೆಸರಿನಲ್ಲೇ ಒಂದು ಸಿಮ್, ಒಂದು ಅಗ್ಗದ ಮೊಬೈಲ್. ಅದು ಕಚೇರಿಯ ಕಪಾಟಿನಲ್ಲಿ ಇರುತ್ತದೆ, ಯಾರೂ ಮನೆಗೆ ಒಯ್ಯುವಂತಿಲ್ಲ. ಟೋಕನ್ ಅಧ್ಯಕ್ಷರ ಬಳಿ, ಅದರ ಗುಪ್ತಸಂಖ್ಯೆಯೂ ಅವರದೇ. ಪಾಸ್‌ವರ್ಡ್‌ಗಳನ್ನು ಬರೆದು ಲಕೋಟೆಯಲ್ಲಿ ಹಾಕಿ ಅರಗು ಹಚ್ಚಿ ಬ್ಯಾಂಕಿನ ಲಾಕರಿನಲ್ಲಿ ಇಟ್ಟೆವು. ಅರಗು ಹಚ್ಚುವ ಉಪಾಯ ಅಧ್ಯಕ್ಷರದು. ಅವರಿಗೆ ಅದರಲ್ಲಿ ಏನೋ ಖುಷಿ. ತಿಂಗಳ 10ಕ್ಕೆ ಸಂಜೆ ಕೂತು ಇಬ್ಬರು ನಿರ್ದೇಶಕರು ತಾವೇ ಖಾತೆ ತೆರೆದು ನೋಡಬೇಕು, ಲೆಕ್ಕದ ಹುಡುಗಿ ಪಕ್ಕದಲ್ಲಿ ಕೈಕಟ್ಟಿ ಕೂರಬೇಕು. ಮೊನ್ನೆ ತಾಲೀಮು ಎಂದು ಕೂತೆವು. ಲಾಗಿನ್ ಆಗಲು ಇಪ್ಪತ್ತೈದು ನಿಮಿಷ ಹಿಡಿಯಿತು. ಅವಳು ನಾಲ್ಕು ಸಲ ಕೈ ಮುಂದೆ ಮಾಡಿದಳು, ನಾಲ್ಕೂ ಸಲ ಬೈಸಿಕೊಂಡಳು.

ಎಲ್ಲಕ್ಕಿಂತ ಮುಖ್ಯವಾದದ್ದು ನಿರೀಕ್ಷೆಯಲ್ಲೇ ಇರಲಿಲ್ಲ. ಈ ಸಾಲಿನ ಖರೀದಿಯ ಪಟ್ಟಿಯನ್ನು ಸದಸ್ಯರ ಸಭೆಯಲ್ಲಿ ಬಿಳಿ ಪಂಚೆ ಕಟ್ಟಿ ಅದರ ಮೇಲೆ ದೊಡ್ಡದಾಗಿ ತೋರಿಸಿದೆವು. ದಿನಾಂಕ, ಕೊಂಡ ತೂಕ, ಮತ್ತೆ ಒಣಹಾಕಿದ ಮೇಲಿನ ತೂಕ. ಅಂಕಿ ಓದಿ ಹೇಳಿದ್ದು ನಾನು. ಮುರುಗಲು ಆರಿಸಿ ತರುವ ಅಮ್ಮನೊಬ್ಬಳು, ಎಪ್ಪತ್ತು ದಾಟಿದವಳು, ಮೇ 19ರ ಸಾಲಿಗೆ ಬಂದಾಗ ನಿಲ್ಲಿಸಿದಳು. ಅಂದು ಕೊಂಡದ್ದು ಎಲ್ಲ ದಿನಗಳಿಗಿಂತ ಹೆಚ್ಚು, ಇಳಿದದ್ದೂ ಎಲ್ಲ ದಿನಗಳಿಗಿಂತ ಹೆಚ್ಚು. "ಅದರ ಹಿಂದಿನ ರಾತ್ರಿ ಅಡ್ಡಮಳೆ ಹೊಡೆದಿತ್ತು. ನೀವು ಸಿಪ್ಪೆ ಕೊಂಡಿಲ್ಲ, ನೀರು ಕೊಂಡಿದ್ದೀರಿ" ಎಂದಳು. ಸಿಪ್ಪೆಯನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟರೆ ಮತ್ತೆ ಬಿಡಿಸಿಕೊಳ್ಳಬೇಕು, ಅಂಟಿ ಉಳಿದರೆ ಹಸಿ ಎಂದು ಎಲ್ಲರ ಮುಂದೆ ತೋರಿಸಿದಳು. ಮೂರು ವರ್ಷದಿಂದ ಇಂಥ ಪಟ್ಟಿಗಳು ಕಂಪ್ಯೂಟರಿನಲ್ಲಿದ್ದವು. ನೋಡಿದವರಿಗೆ ಮಳೆ ನೆನಪಿರಲಿಲ್ಲ, ಮಳೆ ನೆನಪಿದ್ದವಳಿಗೆ ಪಟ್ಟಿ ಕಂಡಿರಲಿಲ್ಲ. ಪಟ್ಟಿಗೆ ಈಗ ಒಂದು ಕಂಬಸಾಲು ಸೇರಿದೆ: "ಮುಷ್ಟಿ ನೋಡಿದವರು".

ಬೂಷ್ಟು ಹಿಡಿದ ಏಳು ಚೀಲ ಗೊಬ್ಬರಗುಂಡಿಗೆ ಹೋಯಿತು. ಉಳಿದ ಇಪ್ಪತ್ತೈದನ್ನು ಕಡಿಮೆ ದರಕ್ಕೆ ಕೊಟ್ಟೆವು.

ಮಾಜಿ ಸಿಇಒ
ಜುಲೈ 6, ರಾತ್ರಿ 9.48

ಅಕ್ಕಾ, ಕಪಾಟಿನಲ್ಲಿರುವ ಆ ಸಿಮ್‌ಗೆ ರೀಚಾರ್ಜ್ ಮಾಡುವವರು ಯಾರು? ಮೂರು ತಿಂಗಳು ಬಳಸದೆ ಬಿಟ್ಟರೆ ಸಂಖ್ಯೆಯನ್ನು ಹಿಂಪಡೆದು ಬೇರೆಯವರಿಗೆ ಕೊಡಬಹುದು.

ಮುರುಗಲು ಮರ
ಜುಲೈ 6, ರಾತ್ರಿ 10.02

ಅಯ್ಯೋ. ಅದನ್ನು ಯಾರಿಗೂ ಹೇಳಿಲ್ಲ. ನಾಳೆ ನಡಾವಳಿ ಪುಸ್ತಕದಲ್ಲಿ ಬರೆಸುತ್ತೇನೆ.

ನಿವೃತ್ತ ಸೆಕ್ರೆಟರಿ
ಜುಲೈ 7, ಬೆಳಿಗ್ಗೆ 6.01

ಇಬ್ಬರ ಹೆಸರು ಬರೆಸಿ.